ಸೂರ್ಯಮಂಡಲದಿಂದ ರಾಗಿಮುದ್ದೆಯವರೆಗೆ

ಖಗೋಲವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ, ಕೃಷಿವಿಜ್ಞಾನ, ಆಹಾರವಿಜ್ಞಾನ ಎಂದು ನಾವು ಅರಿವನ್ನು ಬೇರೆ ಬೇರೆ ಕೊಠಡಿಗಳಲ್ಲಿ ಇಟ್ಟಿದ್ದೇವೆ. ಪಾಠದ ಅನುಕೂಲಕ್ಕೆ ಈ ವಿಂಗಡಣೆ ಬೇಕು. ಆದರೆ ಪ್ರಕೃತಿಯು ಈ ಗೋಡೆಗಳನ್ನು ಅರಿಯದು. ಯಾವುದಾದರೊಂದು ಮೂಲವಸ್ತುವಿನ ಬೆನ್ನು ಹತ್ತಿ ಹೊರಟರೆ ಅದು ಈ ಐದು ಕೊಠಡಿಗಳನ್ನೂ ಹಾಯಿಸಿ ನಮ್ಮನ್ನು ಅಡಿಗೆಮನೆಗೆ ತಂದು ನಿಲ್ಲಿಸುತ್ತದೆ. ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ವಿಜ್ಞಾನದಲ್ಲಿ ಪರಿಣತನಲ್ಲ. ಓದಿ ತಿಳಿದುದನ್ನು ಸಹಪಾಠಿಗಳಿಗೆ ತಿಳಿಯಾಗಿ ಹೇಳಬೇಕೆಂಬುದಷ್ಟೇ ಈ ಲೇಖನದ ಉದ್ದೇಶ. ಇದಕ್ಕಾಗಿ ನಾನು ಆರಿಸಿಕೊಂಡಿರುವ ಮೂಲವಸ್ತು ಕ್ಯಾಲ್ಸಿಯಂ.

ಕ್ಯಾಲ್ಸಿಯಂ ಎಂಬ ಹೆಸರು ಹೊಸದಾದರೂ ವಸ್ತು ಹಳೆಯದು. ಎಲೆಗೆ ಹಚ್ಚುವ ಸುಣ್ಣ, ಹಬ್ಬಕ್ಕೆ ಗೋಡೆಗೆ ಬಳಿಯುವ ಸುಣ್ಣ, ಇವೆಲ್ಲ ಅದರ ಸಂಯುಕ್ತಗಳೇ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹೊಯ್ದರೆ ಬುಸುಗುಟ್ಟಿ ಕಾವೇರಿ ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ಮರಳಿ ಹೀರಿಕೊಂಡು ಮತ್ತೆ ಕಲ್ಲಿನ ಗುಣವನ್ನು ತಾಳುತ್ತದೆ. ಈ ಸುಣ್ಣದೊಳಗೆ ಒಂದು ಲೋಹ ಅಡಗಿದೆಯೆಂಬುದನ್ನು 1808ರಲ್ಲಿ ಹಂಫ್ರಿ ಡೇವಿ ಎಂಬ ಆಂಗ್ಲ ವಿಜ್ಞಾನಿ ವಿದ್ಯುತ್ತಿನ ಸಹಾಯದಿಂದ ಬೇರ್ಪಡಿಸಿ ತೋರಿಸಿದನು. ಸುಣ್ಣಕ್ಕೆ ಲ್ಯಾಟಿನ್ ಭಾಷೆಯಲ್ಲಿರುವ ಹೆಸರಿನಿಂದಲೇ ಕ್ಯಾಲ್ಸಿಯಂ ಎಂಬ ಹೆಸರು ಬಂದಿತು.

ನೆಲದ ಮೇಲಿನ ಈ ವಸ್ತು ಆಕಾಶದಲ್ಲಿಯೂ ಇದೆಯೆಂದು ತಿಳಿದುದು ಬೆಳಕಿನ ಪರೀಕ್ಷೆಯಿಂದ. ಸೂರ್ಯನ ಬೆಳಕನ್ನು ಏಳು ಬಣ್ಣಗಳಾಗಿ ಹರಡಿದರೆ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಒಂದೊಂದು ಮೂಲವಸ್ತುವಿಗೂ ತನ್ನದೇ ಆದ ಗೆರೆಗಳಿವೆಯೆಂದು ಜರ್ಮನಿಯ ಕಿರ್ಖಾಫ್ ಮತ್ತು ಬುನ್ಸೆನ್ ಅವರು 1860ರ ಸುಮಾರಿಗೆ ಸ್ಥಾಪಿಸಿದರು. ನೇರಳೆಯ ಅಂಚಿನಲ್ಲಿರುವ, ‘ಎಚ್’ ಮತ್ತು ‘ಕೆ’ ಎಂದು ಕರೆಯಲಾಗುವ ಎರಡು ದಟ್ಟ ಗೆರೆಗಳು ಕ್ಯಾಲ್ಸಿಯಂನವು. ಒಂದು ಎಲೆಕ್ಟ್ರಾನನ್ನು ಕಳೆದುಕೊಂಡ ಕ್ಯಾಲ್ಸಿಯಂ ಪರಮಾಣುಗಳೇ ಇವುಗಳಿಗೆ ಕಾರಣ. ಸೂರ್ಯನ ಮೇಲ್ಪದರದಲ್ಲಿ ಅಂಥ ಪರಮಾಣುಗಳು ಹೇರಳವಾಗಿರುವುದೇಕೆಂಬುದನ್ನು 1920ರಲ್ಲಿ ನಮ್ಮ ದೇಶದ ಮೇಘನಾದ ಸಹಾ ಅವರು ಉಷ್ಣತೆ ಮತ್ತು ಒತ್ತಡಗಳ ಲೆಕ್ಕದಿಂದ ವಿವರಿಸಿದರು. ಕೊಡೈಕನಾಲಿನ ವೀಕ್ಷಣಾಲಯದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದಲೇ ಈ ‘ಕೆ’ ಗೆರೆಯ ಬೆಳಕಿನಲ್ಲಿ ಸೂರ್ಯನ ಚಿತ್ರಗಳನ್ನು ತೆಗೆಯುತ್ತ ಬಂದರು. ಆ ವೀಕ್ಷಣಾಲಯ ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ. ಆ ಸಂಸ್ಥೆಯನ್ನು ಕಟ್ಟಿದ ವೈನು ಬಾಪ್ಪು ಅವರು ಅಮೆರಿಕದ ಆಲಿನ್ ವಿಲ್ಸನ್ ಅವರೊಡನೆ 1957ರಲ್ಲಿ ಒಂದು ನಿಯಮವನ್ನು ಪ್ರಕಟಿಸಿದರು. ‘ಕೆ’ ಗೆರೆಯ ನಡುವೆ ಕಾಣುವ ಹೊಳಪಿನ ಅಗಲವನ್ನು ಅಳೆದರೆ ನಕ್ಷತ್ರದ ನಿಜವಾದ ಪ್ರಕಾಶ ತಿಳಿಯುತ್ತದೆ; ಅದರಿಂದ ಅದರ ದೂರವೂ ತಿಳಿಯುತ್ತದೆ.

ಅದೇ 1957ರಲ್ಲಿ ಬರ್ಬಿಜ್ ದಂಪತಿಗಳು, ಫೌಲರ್ ಮತ್ತು ಹಾಯ್ಲ್ ಈ ನಾಲ್ವರು, ಮೂಲವಸ್ತುಗಳು ನಕ್ಷತ್ರಗಳಲ್ಲಿ ಹೇಗೆ ಹುಟ್ಟುತ್ತವೆಂಬುದನ್ನು ವಿವರವಾಗಿ ಬರೆದರು. ಸೂರ್ಯನಿಗಿಂತ ಬಹು ದೊಡ್ಡದಾದ ನಕ್ಷತ್ರಗಳ ಗರ್ಭದಲ್ಲಿ, ಇನ್ನೂರು ಮುನ್ನೂರು ಕೋಟಿ ಡಿಗ್ರಿಗಳ ಉರಿಯಲ್ಲಿ ಕ್ಯಾಲ್ಸಿಯಂ ಸಿದ್ಧವಾಗುತ್ತದೆ. ನಕ್ಷತ್ರ ಸಿಡಿದಾಗ ಅದು ಆಕಾಶದಲ್ಲಿ ಚದುರುತ್ತದೆ. ಅಂಥ ಧೂಳು ಕಲೆತ ಅನಿಲರಾಶಿಯಿಂದಲೇ ಸುಮಾರು 460 ಕೋಟಿ ವರ್ಷಗಳ ಹಿಂದೆ ಸೂರ್ಯನೂ ಭೂಮಿಯೂ ಆದವು.

ಇನ್ನು ನಮ್ಮ ದೇಹಕ್ಕೆ ಬರೋಣ. ಬೆಳೆದ ಮನುಷ್ಯನ ಮೈಯಲ್ಲಿ ಸುಮಾರು ಒಂದು ಕಿಲೋಗ್ರಾಂ ಕ್ಯಾಲ್ಸಿಯಂ ಇದೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಮೂಳೆ ಹಲ್ಲುಗಳಲ್ಲಿದೆ. ಉಳಿದ ಒಂದು ಪಾಲಿನ ಮಹತ್ವ ತಿಳಿದುದು ಕಪ್ಪೆಯ ಹೃದಯದಿಂದ. ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ಎಂಬ ವೈದ್ಯರು ಉಪ್ಪಿನ ದ್ರಾವಣದಲ್ಲಿ ಕಪ್ಪೆಯ ಹೃದಯವನ್ನಿಟ್ಟು ಪರೀಕ್ಷಿಸುತ್ತಿದ್ದರು. ದ್ರಾವಣವನ್ನು ನಲ್ಲಿಯ ನೀರಿನಿಂದ ಮಾಡಿದಾಗ ಹೃದಯ ಬಹುಹೊತ್ತು ಮಿಡಿಯಿತು. ಭಟ್ಟಿ ಇಳಿಸಿದ ನೀರಿನಿಂದ ಮಾಡಿದಾಗ ಬೇಗನೆ ನಿಂತಿತು. ನಲ್ಲಿಯ ನೀರಿನಲ್ಲಿದ್ದ ಕ್ಯಾಲ್ಸಿಯಂ ಇದಕ್ಕೆ ಕಾರಣವೆಂದು ಅವರು 1883ರಲ್ಲಿ ಪ್ರಕಟಿಸಿದರು. ಹೃದಯ ಮಿಡಿಯಲು, ಸ್ನಾಯು ಸೆಳೆಯಲು, ರಕ್ತ ಹೆಪ್ಪುಗಟ್ಟಲು ಇದು ಬೇಕೇ ಬೇಕು. ಆದುದರಿಂದ ರಕ್ತದಲ್ಲಿ ಇದರ ಪ್ರಮಾಣ ಇಳಿಯಲು ದೇಹ ಬಿಡುವುದಿಲ್ಲ. ಊಟದಲ್ಲಿ ಸಾಲದೆ ಬಂದರೆ ಮೂಳೆಯಿಂದ ತೆಗೆದುಕೊಳ್ಳುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಮೂಳೆಯೇ ದೇಹದ ಹಗೇವು. ತುಂಬದೆ ತೆಗೆಯುತ್ತಲೇ ಹೋದರೆ ಹಗೇವು ಬರಿದಾಗುವುದು ಯಾರಿಗೂ ತಿಳಿದ ಸಂಗತಿ.

ಮಣ್ಣಿನ ಕ್ಯಾಲ್ಸಿಯಂ ನಮಗೆ ಬರುವುದು ಬೆಳೆಯ ಮೂಲಕ. ಧಾನ್ಯಗಳಲ್ಲಿ ಇದನ್ನು ಕಾಳಿನಲ್ಲಿ ಕೂಡಿಡುವುದರಲ್ಲಿ ರಾಗಿಗೆ ಸಮನಾದುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಜೋಳದಲ್ಲಿ 28ರಷ್ಟು, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಎಂಟಕ್ಕೂ ಕಡಿಮೆ. ರಾಗಿ ಮೂಲತಃ ಪೂರ್ವ ಆಫ್ರಿಕದ ಎತ್ತರದ ನಾಡಿನ ಬೆಳೆ. ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದುದು. ಇದರ ಹೂ ಬಹು ಚಿಕ್ಕದು; ತನ್ನ ಪರಾಗದಿಂದ ತಾನೇ ಕಾಳುಗಟ್ಟುವಂಥದು. ಆದುದರಿಂದ ಇದರಲ್ಲಿ ಸಂಕರ ಮಾಡುವುದು ತಾಳ್ಮೆಯ ಕೆಲಸ. ‘ರಾಗಿ ಲಕ್ಷ್ಮಣಯ್ಯ’ನವರೆಂದೇ ಹೆಸರಾದ ವಿಜ್ಞಾನಿ ನಮ್ಮ ದೇಶದ ತಳಿಗಳನ್ನು ಆಫ್ರಿಕದ ತಳಿಗಳೊಡನೆ ಕೂಡಿಸಿ ಹೆಚ್ಚು ಇಳುವರಿಯ ರಾಗಿಯನ್ನು ಪಡೆದರು. ಇಂಡಿಯಾ, ಆಫ್ರಿಕ ಎಂಬ ಎರಡು ಹೆಸರುಗಳ ಮೊದಲಕ್ಷರಗಳಿಂದ ಅವುಗಳಿಗೆ ‘ಇಂಡಾಫ್’ ಎಂಬ ಹೆಸರಾಯಿತು. ಮುಂದೆ 1996ರಲ್ಲಿ ಬೆಂಕಿರೋಗವನ್ನು ತಡೆಯಬಲ್ಲ ‘ಜಿಪಿಯು-28’ ತಳಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ರೈತರ ಕೈಸೇರಿತು.

ಇಷ್ಟು ಓದಿದ ಮೇಲೆ ನಾನು ಗುತ್ತೂರಿನ ನಮ್ಮ ಮನೆಯ ಊಟವನ್ನೇ ಲೆಕ್ಕ ಹಾಕಿ ನೋಡಿದೆನು. ಭದ್ರಾ ಕಾಲುವೆಯ ನೀರು ಬಂದ ಮೇಲೆ ಹರಿಹರ, ದಾವಣಗೆರೆಗಳ ಸುತ್ತ ಭತ್ತ ಹೆಚ್ಚಿತು. ಹಿಂದೆ ಹಬ್ಬಹರಿದಿನಗಳ ಊಟವಾಗಿದ್ದ ಅನ್ನ ನಿತ್ಯದ ಊಟವಾಯಿತು. ಭತ್ತದಿಂದ ರೈತನ ಕೈಯಲ್ಲಿ ನಾಲ್ಕು ಕಾಸು ಆಡಿತು. ಅದನ್ನು ಹಳಿಯುವುದು ಸಲ್ಲದು. ಆದರೆ ನಮ್ಮ ಮನೆಯಲ್ಲಿ ಬೆಳಗ್ಗೆ ಮಂಡಕ್ಕಿ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಮೂರೂ ಭತ್ತದ ಮಕ್ಕಳೇ. ಹಾಲು ಗಂಡಸರಿಗೂ ಮಕ್ಕಳಿಗೂ ಆದ ಮೇಲೆ ಅವ್ವನಿಗೆ ಉಳಿಯುವುದು ಚಹಕ್ಕೆ ಹಾಕಿದಷ್ಟು ಮಾತ್ರ. ಬೇಳೆ, ಸೊಪ್ಪು, ಮಜ್ಜಿಗೆಗಳನ್ನು ಕೂಡಿಸಿದರೂ ಅವಳ ಲೆಕ್ಕ 500 ಮಿಲಿಗ್ರಾಂ ಮುಟ್ಟಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಮಾಣ ದಿನಕ್ಕೆ 1000. ಒಂದು ಹೊತ್ತಿನ ಅನ್ನದ ಬದಲು 100 ಗ್ರಾಂ ಹಿಟ್ಟಿನ ಮುದ್ದೆ ಉಂಡರೆ ಆ ಕೊರತೆಯ ಬಹುಪಾಲು ತುಂಬುತ್ತದೆ.

ಇಲ್ಲಿ ಎರಡು ಮಾತುಗಳನ್ನು ಸೇರಿಸಬೇಕು. ರಾಗಿಯಲ್ಲಿರುವ ಫೈಟಿಕ್ ಆಮ್ಲ ಕ್ಯಾಲ್ಸಿಯಂನ ಒಂದು ಭಾಗವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಗೊಡದು. ನೆನೆಸಿ ಮೊಳಕೆ ಕಟ್ಟಿದರೆ ಈ ಆಮ್ಲ ಕಡಿಮೆಯಾಗುತ್ತದೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯವು ರಾಗಿಯ ಮೊಳಕೆ ಹಿಟ್ಟಿನ ಬಗ್ಗೆ ಬಹಳ ಕೆಲಸ ಮಾಡಿದೆ. ಕೂಸಿಗೆ ಮೊಳಕೆ ರಾಗಿಯ ಸರಿ ಕಾಸುವ ನಮ್ಮ ತಾಯಂದಿರ ಪದ್ಧತಿಗೆ ಹೀಗೆ ಶಾಸ್ತ್ರದ ಬೆಂಬಲವಿದೆ. ಎರಡನೆಯದು, ಕರುಳು ಕ್ಯಾಲ್ಸಿಯಂ ಅನ್ನು ಹೀರಿಕೊಳ್ಳಲು ಡಿ ಜೀವಸತ್ವ ಬೇಕು. ಅದು ಬಿಸಿಲು ಬಿದ್ದಾಗ ಚರ್ಮದಲ್ಲಿ ಆಗುತ್ತದೆ. ಹೊಲದಲ್ಲಿ ದುಡಿಯುವವರಿಗೆ ಇದನ್ನು ಹೇಳಬೇಕಾಗಿಲ್ಲ. ದಿನವೆಲ್ಲ ಸೂರಿನಡಿ ಕುಳಿತು ಓದುವ ನಮಗೆ ಹೇಳಬೇಕಾಗಿದೆ.

ಮೂಳೆ ಗಟ್ಟಿಗೊಳ್ಳುವುದು ಬಹುಮಟ್ಟಿಗೆ ಮೂವತ್ತರೊಳಗೆ. ಆ ಮೇಲೆ ಇದ್ದುದನ್ನು ಕಾಪಾಡಿಕೊಳ್ಳಬಹುದೇ ಹೊರತು ಹೊಸದಾಗಿ ಕೂಡಿಡುವುದು ಕಷ್ಟ. ಹೆಣ್ಣುಮಕ್ಕಳಿಗಂತೂ ಇದು ಇನ್ನೂ ಮುಖ್ಯ. ಗರ್ಭದಲ್ಲಿರುವ ಮಗು ಹುಟ್ಟುವ ಹೊತ್ತಿಗೆ ತಾಯಿಯಿಂದ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಪಡೆದಿರುತ್ತದೆ. ಶಾಲೆಯ ಮಕ್ಕಳಿಗೆ ಹಾಲಿನೊಡನೆ ರಾಗಿ ಮಾಲ್ಟ್ ಕೊಡುವ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2024ರಲ್ಲಿ ಆರಂಭಿಸಿತು. ಕಾಲೇಜು ಸೇರಿದ ನಮ್ಮ ತಟ್ಟೆಯ ಹೊಣೆ ನಮ್ಮದೇ. ಮುದ್ದೆಯೆಂದರೆ ಹಳ್ಳಿಯ ಊಟವೆಂದು ಮೂಗು ಮುರಿಯುವ ಗೆಳೆಯ ಗೆಳತಿಯರಲ್ಲಿ ನನ್ನ ವಿನಂತಿ ಇಷ್ಟೇ: ದಿನಕ್ಕೆ ಒಂದು ಹೊತ್ತು ಮುದ್ದೆಯನ್ನೋ ಅಂಬಲಿಯನ್ನೋ ರೊಟ್ಟಿಯನ್ನೋ ರೂಢಿ ಮಾಡಿಕೊಳ್ಳಿರಿ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವವರ ತಟ್ಟೆಯಲ್ಲಿಯೂ ಅದು ಇದೆಯೇ ಎಂದು ನೋಡಿರಿ.