ವಿಡಿಯೊ ಕರೆಯಲ್ಲಿ ಯಾರನ್ನೂ ಬಂಧಿಸುವಂತಿಲ್ಲ

"ನಿಮ್ಮ ಆಧಾರ್ ನಂಬರಿನ ಪಾರ್ಸಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ. ಕ್ಯಾಮೆರಾ ಆಫ್ ಮಾಡಬೇಡಿ, ಮನೆಯವರಿಗೂ ಹೇಳಬೇಡಿ." ವಾಟ್ಸ್‌ಆ್ಯಪ್ ಕರೆಯಲ್ಲಿ ಖಾಕಿ ತೊಟ್ಟವನೊಬ್ಬ, ಬೆನ್ನ ಹಿಂದೆ ಠಾಣೆಯಂಥದ್ದೇ ಗೋಡೆ. ಡಿಜಿಟಲ್ ಅರೆಸ್ಟ್ ಎಂದು ಇದಕ್ಕೆ ಹೆಸರು ಬಿದ್ದಿದೆಯೇ ಹೊರತು ನಮ್ಮ ಯಾವ ಕಾನೂನಿನಲ್ಲೂ ಇಂಥ ಬಂಧನವಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ ಪ್ರಕಾರ, ಆಸಾಮಿ ತಾನಾಗಿ ವಶಕ್ಕೆ ಒಪ್ಪಿಸಿಕೊಳ್ಳದಿದ್ದರೆ ಪೊಲೀಸರು ಆತನನ್ನು ಮೈಮುಟ್ಟಿ ಇಲ್ಲವೇ ತಡೆದಿಟ್ಟೇ ಹಿಡಿಯಬೇಕು. ಕಾರಣ ತಿಳಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪರಿಶೀಲನೆಯ ನೆಪದಲ್ಲಿ ನಿಮ್ಮ ಹಣವನ್ನು ಬೇರೆ ಖಾತೆಗೆ ಹಾಕಿಸಿಕೊಳ್ಳುವ ಅಧಿಕಾರ ಸಿಬಿಐಗೂ ಇಲ್ಲ, ಇ.ಡಿ.ಗೂ ಇಲ್ಲ.

ವಂಚನೆ ಹೊಸದಾದಾಗಲೆಲ್ಲ ಹೊಸ ಕಾನೂನು ಬೇಕೆಂಬ ಕೂಗು ಏಳುತ್ತದೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಿದ್ದುಪಡಿಯಾದಾಗ 66ಎ, 66ಡಿ ಎರಡೂ ಒಟ್ಟಿಗೇ ಬಂದವು. ಕಿರಿಕಿರಿ, ಅನಾನುಕೂಲ ಎಂಬಂಥ ಅಳತೆಗೆ ಸಿಗದ ಪದಗಳನ್ನು ಹೊತ್ತಿದ್ದ 66ಎ, ಪೋಸ್ಟ್ ಹಾಕಿದವರನ್ನೆಲ್ಲ ಹಿಡಿಯಲು ಬಳಕೆಯಾಗಿ, 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನಲ್ಲಿ ರದ್ದಾಯಿತು. 66ಡಿ ಹೇಳುವುದು ಒಂದೇ ಮಾತು: ಕಂಪ್ಯೂಟರ್ ಇಲ್ಲವೇ ಸಂವಹನ ಸಾಧನ ಬಳಸಿ, ಇನ್ನೊಬ್ಬರ ಸೋಗು ಹಾಕಿ ವಂಚಿಸಿದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಹಾಗಾಗಿ ಆಗ ಯಾರೂ ಊಹಿಸದಿದ್ದ ಡೀಪ್‌ಫೇಕ್ ಮುಖದ ವಂಚಕನಿಗೂ ಅದು ಅನ್ವಯಿಸುತ್ತದೆ. ಶಿಕ್ಷೆ ಸಾಲದು ಎನ್ನಬಹುದು, ಅದು ಬೇರೆ ಮಾತು.

ಕಾನೂನು ನಿಜಕ್ಕೂ ಹಿಂದೆ ಬೀಳುವುದು ವೇಗದಲ್ಲಿ. ಹಣ ನಿಮಿಷಗಳಲ್ಲಿ ಹತ್ತಾರು ಖಾತೆ ದಾಟಿರುತ್ತದೆ. ಆದ್ದರಿಂದ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಯುಟಿಆರ್ ಸಂಖ್ಯೆ (ಹಣ ವರ್ಗಾವಣೆಯ ಗುರುತು ಸಂಖ್ಯೆ), ಮೊತ್ತ, ಹಣ ಹೋದ ಸಮಯ ಕೈಯಲ್ಲಿರಲಿ. ಬ್ಯಾಂಕಿಗೂ ದೂರು ಕೊಟ್ಟು ಅದರ ಸಂಖ್ಯೆ ಕೇಳಿ ಪಡೆಯಿರಿ. ಗ್ರಾಹಕರ ಹೊಣೆ ಕುರಿತ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಇಲ್ಲಿ ಒಂದು ಗೆರೆ ಎಳೆದಿದೆ: ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ಖಾತೆಯಿಂದ ಹಣ ಕದ್ದಿದ್ದರೆ, 3 ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನ ಮೇಲೆ ನಷ್ಟದ ಹೊಣೆಯಿಲ್ಲ. ಒಟಿಪಿಯನ್ನು ನೀವೇ ಹೇಳಿದ್ದರೆ, ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ನಂತರದ್ದು ಬ್ಯಾಂಕಿನದು.

1930ಕ್ಕೆ ಕರೆ ಮಾಡಿದಾಕ್ಷಣ ಎಫ್‌ಐಆರ್ ಆಯಿತೆಂದು ಸುಮ್ಮನಿರಬೇಡಿ. ಎಫ್‌ಐಆರ್ ದಾಖಲಿಸಲು ಸುರಕ್ಷಾ ಸಂಹಿತೆಯ 173ನೇ ಕಲಂ ಇದೆ. "ನಮ್ಮ ಸರಹದ್ದಿಗೆ ಬರಲ್ಲ, ಸೈಬರ್ ಅಪರಾಧಗಳ ಸಿಇಎನ್ ಠಾಣೆಗೆ ಹೋಗಿ" ಎಂದು ಯಾವ ಠಾಣೆಯೂ ದೂರು ಪಡೆಯದೆ ಸಾಗಹಾಕುವಂತಿಲ್ಲ. ಆನ್‌ಲೈನಿನಲ್ಲಿ ದೂರು ಕೊಟ್ಟಿದ್ದರೆ 3 ದಿನದೊಳಗೆ ಸಹಿ ಹಾಕಿ ಬರಬೇಕು. ಬಹಳ ಜನ ಎಡವುವುದು ಇಲ್ಲೇ. ಎಫ್‌ಐಆರ್ ಪ್ರತಿ ಉಚಿತ. ದೂರು ದಾಖಲಿಸದಿದ್ದರೆ ಎಸ್‌ಪಿಗೆ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ. ಯಾವುದೋ ಖಾತೆಯಲ್ಲಿ ನಿಮ್ಮ ಹಣವನ್ನು ತಡೆಹಿಡಿಯಲಾಗಿದೆ ಎಂದು ಗೊತ್ತಾದರೆ, ಅದನ್ನು ಬಿಡಿಸಿಕೊಡುವಂತೆ ಹಲವು ಸಲ ಕೋರ್ಟಿಗೆ ಅರ್ಜಿ ಸಲ್ಲಿಸಬೇಕಾಗುತ್ತದೆ. ಆಗ ಬ್ಯಾಂಕ್ ಸ್ಟೇಟ್‌ಮೆಂಟ್, ದೂರಿನ ಪ್ರತಿ ಎರಡೂ ಬೇಕು.