ಟೆಂಪೆ: ಕಾಳಿಗೆ ಬೂಷ್ಟು ಹಿಡಿಸುವ ಬಗೆ

ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟು ಬೆಳಗಾಗುವಾಗ ಪಾತ್ರೆಯ ಕಂಠದವರೆಗೆ ಉಬ್ಬಿರುವುದನ್ನು ಉಡುಪಿಯ ಕಡೆಯವರೆಲ್ಲರೂ ನೋಡಿರುತ್ತಾರೆ. ಉದ್ದಿನೊಡನೆಯೇ ಬಂದ ಬ್ಯಾಕ್ಟೀರಿಯಗಳು ಅಲ್ಲಿ ಹುಳಿಯನ್ನೂ ಅನಿಲವನ್ನೂ ಉಂಟುಮಾಡುತ್ತವೆ. ಆ ಹುಳಿಯೇ ಹಿಟ್ಟನ್ನು ಕೆಡಿಸುವ ಜೀವಿಗಳಿಗೆ ತಡೆಯಾಗುತ್ತದೆ. ಜಾವಾ ದ್ವೀಪದ ಜನರು ಸೋಯಾ ಅವರೆಯಿಂದ ಮಾಡುವ ಟೆಂಪೆಯ ಸಂಗತಿ ಬೇರೆ. ಅಲ್ಲಿ ದುಡಿಯುವುದು ರೈಜೋಪಸ್ ಎಂಬ ಬಿಳಿಯ ಬೂಷ್ಟು. ಅದು ತನ್ನ ನವಿರಾದ ಎಳೆಗಳಿಂದ ಬೆಂದ ಕಾಳುಗಳನ್ನು ಹೆಣೆದು ಗಟ್ಟಿಯಾದ ಹಲಗೆಯಂತೆ ಮಾಡುತ್ತದೆ. ಪ್ರೋಟೀನನ್ನು ಒಡೆದು ಜೀರ್ಣಕ್ಕೆ ಸುಲಭಗೊಳಿಸುತ್ತದೆ. ಈ ಬೂಷ್ಟಿಗೆ ಶಾಖ, ತೇವ, ಗಾಳಿ ಮೂರನ್ನೂ ಹದವರಿತು ಒದಗಿಸುವ ಹೊಣೆ ಮಾತ್ರ ನಮ್ಮದು.

ಅರ್ಧ ಕಿಲೋಗ್ರಾಮ್ ಸೋಯಾ ಅವರೆಯನ್ನು ರಾತ್ರಿಯಿಡೀ ನೆನೆಸಿ, ತಿಕ್ಕಿ ಸಿಪ್ಪೆ ತೆಗೆದು, ಸುಮಾರು ಮುಕ್ಕಾಲು ಗಂಟೆ ಬೇಯಿಸಬೇಕು. ಕಾಳು ಮೆತ್ತಗಾಗಬೇಕು, ಕರಗಬಾರದು. ಅಲಸಂಡೆಯಿಂದಲೂ ಟೆಂಪೆಯನ್ನು ಮಾಡಬಹುದು. ಅದು ಬೇಗನೆ ಬೇಯುತ್ತದೆ. ನೀರು ಬಸಿದು, ಬಟ್ಟೆಯ ಮೇಲೆ ಹರಡಿ, ಪಸೆ ಆರಿಸಬೇಕು. ಕಾಳಿನ ಮೇಲೆ ನೀರು ನಿಂತರೆ ಬೂಷ್ಟಿಗೆ ಗಾಳಿ ಸಿಗದು. ಲೋಳೆ ಕಟ್ಟಿಸುವ ಬ್ಯಾಕ್ಟೀರಿಯಗಳಿಗೆ ಅದೇ ಅನುಕೂಲ. ಉಗುರುಬೆಚ್ಚಗಾದ ಮೇಲೆ ಎರಡು ದೊಡ್ಡ ಚಮಚ ವಿನಿಗರ್, ಒಂದು ಚಿಕ್ಕ ಚಮಚ ಟೆಂಪೆಯ ಹೆಪ್ಪಿನ ಪುಡಿ ಬೆರೆಸಬೇಕು. ಈ ಹೆಪ್ಪನ್ನು ಕೊಂಡೇ ತರಬೇಕು. ಹಳಸಿದ ಬ್ರೆಡ್ಡಿನ ಮೇಲಿನ ಬೂಷ್ಟನ್ನು ಕೆರೆದು ಹಾಕುವ ಸಾಹಸ ಸಲ್ಲದು. ಬಳಿಕ ಕಾಳನ್ನು ಬಾಳೆಲೆಯಲ್ಲಿ ಮಡಿಸಿ, ಎಲೆಗೆ ಸೂಜಿಯಿಂದ ಅಲ್ಲಲ್ಲಿ ತೂತು ಮಾಡಿ, ಸುಮಾರು 30 ಡಿಗ್ರಿ ಸೆಂಟಿಗ್ರೇಡಿನಲ್ಲಿ 24ರಿಂದ 48 ಗಂಟೆ ಇಡಬೇಕು. ಕರಾವಳಿಯ ಬೇಸಗೆಯಲ್ಲಿ ಇದಕ್ಕೆ ಬೇರೆ ಒಲೆ ಬೇಡ.

ಬನ್ನಂಜೆಯ ನಮ್ಮ ಮನೆಯಲ್ಲಿ ಮೊದಲ ಪ್ರಯತ್ನ ಕೆಟ್ಟಿತು. ನಾವು ಕಾಳನ್ನು ನಾಲ್ಕು ಬೆರಳು ದಪ್ಪಕ್ಕೆ ತುಂಬಿದ್ದೆವು. ಮರುದಿನ ನಡುವೆ ಚುಚ್ಚಿದ ಉಷ್ಣಮಾಪಕ 44 ಡಿಗ್ರಿ ತೋರಿಸಿತು, ಒಳಗೆಲ್ಲ ಲೋಳೆ. ಕಾರಣ ಸರಳ. ಮೊದಲ ಹನ್ನೆರಡು ಗಂಟೆಗಳ ತರುವಾಯ ಬೂಷ್ಟು ಉಸಿರಾಡುತ್ತ ತಾನೇ ಶಾಖವನ್ನು ಹುಟ್ಟಿಸುತ್ತದೆ. ಹುಟ್ಟುವ ಶಾಖ ಕಾಳಿನ ಗಾತ್ರವನ್ನು ಅನುಸರಿಸುತ್ತದೆ. ಹೊರಹೋಗುವ ಶಾಖ ಮೇಲ್ಮೈಯನ್ನು. ದಪ್ಪವನ್ನು ಇಮ್ಮಡಿಸಿದರೆ ಶಾಖವೂ ಇಮ್ಮಡಿಸುತ್ತದೆ, ಆದರೆ ಅದು ಹೊರಹೋಗುವ ಮೇಲ್ಮೈ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. 40 ಡಿಗ್ರಿ ದಾಟಿದರೆ ಬೂಷ್ಟು ಸೊರಗುತ್ತದೆ. ಎರಡನೆಯ ಸಲ ಎರಡೂವರೆ ಸೆಂಟಿಮೀಟರಿಗೆ ಇಳಿಸಿ, ಪೊಟ್ಟಣಗಳನ್ನು ಬಿಡಿಬಿಡಿಯಾಗಿ ಇಟ್ಟೆವು. ಹತ್ತಿಯಂತೆ ಬೆಳ್ಳಗಿನ ಟೆಂಪೆ ದೊರೆಯಿತು.

ತೂತುಗಳ ಬಳಿ ಕಾಣುವ ಬೂದು ಕಪ್ಪು ಕಲೆಗಳು ಬೂಷ್ಟಿನ ಬೀಜಕಣಗಳು; ಹೆದರಬೇಕಿಲ್ಲ. ಕೆಂಪು, ಹಳದಿ, ಹಸುರು ಬಣ್ಣ, ಲೋಳೆ, ದುರ್ನಾತ ಕಂಡರೆ ಎಸೆಯಲೇಬೇಕು.

ತೆಂಗಿನ ನಾಡಿನವರು ಇನ್ನೊಂದು ಮಾತನ್ನು ಮರೆಯಬಾರದು. ಟೆಂಪೆಯ ಕಾಳಿಗೆ ತೆಂಗಿನ ತುರಿಯನ್ನಾಗಲಿ ಹಿಂಡಿಯನ್ನಾಗಲಿ ಬೆರೆಸಿ ಹುದುಗಿಸಕೂಡದು. ಜಾವಾದಲ್ಲಿ ತೆಂಗಿನ ಹಿಂಡಿಯಿಂದ ಮಾಡುತ್ತಿದ್ದ 'ಬೊಂಕ್ರೆಕ್' ಎಂಬ ಟೆಂಪೆಯಲ್ಲಿ ಒಂದು ಬ್ಯಾಕ್ಟೀರಿಯ ಸೇರಿ ವಿಷವನ್ನುಂಟುಮಾಡಿ ಅನೇಕರ ಪ್ರಾಣ ತೆಗೆಯಿತು. ಆ ವಿಷಕ್ಕೆ ವಾಸನೆಯಿಲ್ಲ. ಬೇಯಿಸಿದರೂ ಅದು ನಾಶವಾಗದು. 1988ರಲ್ಲಿ ಇಂಡೊನೇಷ್ಯದ ಸರಕಾರ ಅದರ ತಯಾರಿಕೆಯನ್ನೇ ನಿಷೇಧಿಸಿತು.

ಹುದುಗಿದ ಟೆಂಪೆಯನ್ನು ಬೇಯಿಸುವಾಗ ತೆಂಗಿಗೆ ಅಡ್ಡಿಯಿಲ್ಲ. ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ, ತೆಳ್ಳಗೆ ಹೆಚ್ಚಿ, ಉಪ್ಪು ಅರಸಿನ ಸವರಿ ತೆಂಗಿನೆಣ್ಣೆಯಲ್ಲಿ ಹುರಿಯಬಹುದು; ತುಂಡುಮಾಡಿ ತಾಜಾ ತೆಂಗಿನಕಾಯಿ ಅರೆದ ಗಸಿಗೂ ಹಾಕಬಹುದು.

ವಿದ್ಯಾರ್ಥಿಗಳು ಒಂದು ಪೊಟ್ಟಣದ ನಡುವೆ ಶುಚಿಗೊಳಿಸಿದ ಉಷ್ಣಮಾಪಕವನ್ನಿಟ್ಟು, ಎರಡೆರಡು ಗಂಟೆಗೆ ಉಷ್ಣತೆಯನ್ನು ಬರೆದು ನಕ್ಷೆ ಎಳೆಯಲಿ. ನಕ್ಷೆಯ ಗೆರೆ ಕೋಣೆಯ ಉಷ್ಣತೆಯನ್ನು ಮೀರಿ ಏರತೊಡಗುವ ಗಳಿಗೆಯೇ ಪೊಟ್ಟಣಕ್ಕೆ ಹೆಚ್ಚಿನ ಗಾಳಿ ಬೇಕೆಂಬ ಸೂಚನೆ.