ಕಣಿವೆಯ ನೀರು ಒಂದೇ ದಿನಕ್ಕೆ ಇಳಿಯುವುದಿಲ್ಲ

ನೋಡಪ್ಪ, ಮೊನ್ನೆ ಜಗಲಿಯ ಮೇಲೆ ಕೂತು ನೀನು ಜೇಬಿನಿಂದ ತೆಗೆದು ತೋರಿಸಿದ ಸ್ಟ್ರಿಪ್ ಇನ್ನೂ ನನ್ನ ಕಣ್ಣ ಮುಂದಿದೆ. ಕ್ಲೋನಜೆಪಾಮ್, 0.5 ಮಿಲಿಗ್ರಾಂ. ಹತ್ತರಲ್ಲಿ ಮೂರು ಖಾಲಿ. "ಇದನ್ನ ತಗೊಂಡ್ರೆ ಏನೂ ಆಗಲ್ಲ ಅಲ್ವಾ ದೊಡ್ಡಪ್ಪ?" ಅಂದೆ. ಅಷ್ಟರಲ್ಲಿ ಕಾಯಿ ವ್ಯಾಪಾರದವರು ಬಂದರು, ಮಾತು ನಿಂತುಹೋಯಿತು. ಅವತ್ತಿನಿಂದ ನನಗೆ ಸಮಾಧಾನವಿಲ್ಲ.

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ನಿನಗೆ ಆದದ್ದು ಸುಳ್ಳಲ್ಲ. ಎದೆ ಡವಡವ ಹೊಡೆದುಕೊಂಡದ್ದು, ಕೈಕಾಲು ತಣ್ಣಗಾದದ್ದು, ಈಗಲೇ ಪ್ರಾಣ ಹೋಯಿತು ಅನ್ನಿಸಿದ್ದು ಎಲ್ಲವೂ ನಿಜ. ಇಸಿಜಿ ಸರಿಯಾಗಿದೆ ಅಂದಮಾತ್ರಕ್ಕೆ ಅದು ನಾಟಕವಾಗುವುದಿಲ್ಲ. ಗಾಳಿ ಸೋಕಿದೆ ಅಂತ ಯಾರೋ ಕಟ್ಟಿದ ತಾಯತ ಕೈಯಲ್ಲಿ ಇದ್ದರೆ ಇರಲಿ, ನೀನು ಡಾಕ್ಟರ ಹತ್ತಿರ ಹೋದೆಯಲ್ಲ, ಅದು ನನಗೆ ಸಂತೋಷ. ಆದರೆ ಚೀಟಿಯಲ್ಲಿ ಹದಿನೈದು ದಿನ ಅಂತ ಬರೆದಿತ್ತು. ಆ ಹದಿನೈದು ದಿನ ಮುಗಿದು ತಿಂಗಳಾಗಿದೆ.

ಈ ಮಾತ್ರೆಯ ಸ್ವಭಾವ ತಿಳಿಯಬೇಕಾದರೆ ನಮ್ಮ ಬೋರನಕಣಿವೆ ಜಲಾಶಯವನ್ನೇ ನೋಡು. ಸುವರ್ಣಮುಖಿ ನದಿಗೆ ಅಡ್ಡ ಕಟ್ಟಿದ್ದು ಮಹಾರಾಜರ ಕಾಲದಲ್ಲಿ, 1892ರ ಹೊತ್ತಿಗೆ. ಮಳೆ ನಿಂತ ಮಾರನೇ ದಿನ ಹೋಗಿ ನೋಡಿದರೆ ನೀರು ಹಾಗೇ ಇರುತ್ತದೆ. ತೂಬಿನಲ್ಲಿ ಅದು ಹೋಗುವುದೇ ನಿಧಾನ. ಕ್ಲೋನಜೆಪಾಮ್ ಕೂಡ ಹಾಗೆಯೇ. ನುಂಗಿದ್ದರಲ್ಲಿ ಅರ್ಧ ಮೈಯಿಂದ ಇಳಿಯಲು ಸಾಮಾನ್ಯವಾಗಿ 30ರಿಂದ 40 ಗಂಟೆ ಬೇಕು. ದಿನಾ ಒಂದು ನುಂಗಿದರೆ ನಿನ್ನೆಯದು ಖಾಲಿಯಾಗುವ ಮೊದಲೇ ಇವತ್ತಿನದು ಸೇರುತ್ತದೆ. ಒಂದು ವಾರದ ಹೊತ್ತಿಗೆ ಮಟ್ಟ ಏರಿ ನಿಲ್ಲುತ್ತದೆ. ಮೈ ಹಗುರಾಗಿದೆ, ಮಂಪರಿಲ್ಲ ಅನ್ನಿಸಿದರೂ ಒಳಗೆ ಔಷಧಿ ಇದೆ.

ಅದಕ್ಕೇ ರಾತ್ರಿ ತಾನೇ ನುಂಗಿದ್ದು ಅಂದುಕೊಂಡು ಬೆಳಗ್ಗೆ ಮೆಷೀನು ಹಾಕಿ ತೆಂಗಿನ ಮರ ಹತ್ತಬೇಡ. ಈ ಮಾತ್ರೆ ಇರುವಷ್ಟು ದಿನ ಕಾಯಿ ಕೀಳಲು ಆಳು ಕರೆಸು, ಕೂಲಿ ನಾನು ಕೊಡುತ್ತೇನೆ. ಹುಳಿಯಾರಿನಿಂದ ರಾತ್ರಿ ಬೈಕಿನಲ್ಲಿ ಬರುವುದೂ ಬೇಡ. ಬಾಡೂಟದ ದಿನ ಗೆಳೆಯರು ಗ್ಲಾಸು ಕೊಟ್ಟರೆ, ಇವತ್ತು ಮಾತ್ರೆ ಬಿಟ್ಟಿದ್ದೀನಿ ಅಂತ ಕುಡಿದುಬಿಡಬೇಡ. ನೀನು ಬಿಟ್ಟಿರಬಹುದು, ಅದು ನಿನ್ನನ್ನು ಬಿಟ್ಟಿರುವುದಿಲ್ಲ. ಎರಡೂ ಕೂಡಿದರೆ ಉಸಿರಾಟವೇ ಮಂದವಾಗುತ್ತದೆ, ನಿದ್ದೆಯಲ್ಲೇ ಜೀವ ಹೋಗಬಹುದು. ಕೆಲವು ಕೆಮ್ಮಿನ ಸಿರಪ್ಪಿನಲ್ಲಿರುವ ಕೊಡೀನ್, ಬೆನ್ನುನೋವಿಗೆ ಕೊಡುವ ಟ್ರಮಡಾಲ್, ಇವಕ್ಕೂ ಇದೇ ಮಾತು. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಈ ಸ್ಟ್ರಿಪ್ ತೋರಿಸು.

ಇನ್ನೊಂದು ವಿಷಯ. ಗಾಬರಿ ಬಂದ ಕೂಡಲೇ ಒಂದು ಹಾಕ್ಕೋತೀನಿ, ಅರ್ಧ ಗಂಟೆಯಲ್ಲಿ ನಿಲ್ಲುತ್ತೆ ಅಂದೆ. ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ಏರಿ, ಅರ್ಧ ಗಂಟೆಯೊಳಗೆ ತಾನಾಗಿಯೇ ಇಳಿಯುತ್ತದೆ. ಈ ಮಾತ್ರೆ ರಕ್ತದಲ್ಲಿ ಪೂರ್ತಿ ಏರಲು ಒಂದರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಅಂದರೆ ಬಹಳ ಸಲ ಗಾಬರಿಯನ್ನು ಇಳಿಸಿದ್ದು ನಿನ್ನ ಮೈಯೇ. ಹೆಸರು ಮಾತ್ರೆಗೆ ಹೋಯಿತು, ಜೇಬಿನಲ್ಲಿ ಸ್ಟ್ರಿಪ್ ಇಲ್ಲದೆ ಮನೆ ಬಿಡಲಾರೆ ಎನ್ನುವ ಹೊಸ ಹೆದರಿಕೆ ನಿನಗೆ ಉಳಿಯಿತು. ಮುಂದಿನ ಸಲ ಓಡಬೇಡ, ಇದ್ದಲ್ಲೇ ಕೂತು ಉಸಿರನ್ನು ನಿಧಾನವಾಗಿ ಹೊರಗೆ ಬಿಡು.

ಇದನ್ನೆಲ್ಲ ನಾನು ಪುಸ್ತಕ ಓದಿ ಹೇಳುತ್ತಿಲ್ಲ. 38 ವರ್ಷ ಔಷಧಿ ಅಂಗಡಿ ನಡೆಸಿದವನು ನಾನು. ಡಾಕ್ಟರ ಚೀಟಿಯಿಲ್ಲದೆ ಈ ಮಾತ್ರೆ ಕೊಡುವಂತಿಲ್ಲ. ಬೇರೆಯವರಿಗೆ ಚೀಟಿ ನೋಡದೆ ಕೊಡದವನು ನಾನು. ನಿನ್ನ ದೊಡ್ಡಮ್ಮ ತೀರಿಕೊಂಡ ವರ್ಷ ನಿದ್ದೆ ಬರದೆ, ಚೀಟಿಯಿಲ್ಲದೆ, ನನ್ನದೇ ಕಪಾಟಿಗೆ ಕೈ ಹಾಕಿದೆ. ಒಂದು ಇದ್ದದ್ದು ಎರಡಾಯಿತು. ಎಂಟು ತಿಂಗಳು ಕಳೆದು ನಾಚಿಕೆಯಾಗಿ ಯುಗಾದಿಯ ದಿನ ಒಮ್ಮೆಗೇ ನಿಲ್ಲಿಸಿದೆ. ಮೂರು ದಿನ ಏನೂ ಆಗಲಿಲ್ಲ, ಗೆದ್ದೆ ಅಂದುಕೊಂಡೆ. ಐದನೇ ದಿನ ಕೈ ನಡುಗಿತು, ಬೆವರಿತು, ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ. ಆರನೇ ದಿನ ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದೆ. ಹಣೆಯ ಮೇಲಿನ ಈ ಗಾಯ ಅದರದ್ದು. ನಿಮಗೆಲ್ಲ ಜಾರಿ ಬಿದ್ದೆ ಅಂತ ಹೇಳಿದ್ದೆ. ನಿಧಾನವಾಗಿ ಇಳಿಯುವ ಮಾತ್ರೆಯಲ್ಲವೇ, ತೊಂದರೆಯೂ ತಡವಾಗಿ ಬರುತ್ತದೆ. ಅಷ್ಟರಲ್ಲಿ ಬಿಟ್ಟಿದ್ದಕ್ಕೇ ಹೀಗಾಯಿತು ಎನ್ನುವುದು ಹೊಳೆಯುವುದೇ ಇಲ್ಲ. ಆಮೇಲೆ ಮನೋವೈದ್ಯರು ಮತ್ತೆ ಶುರುಮಾಡಿಸಿ, ಎರಡು ಮೂರು ವಾರಕ್ಕೊಮ್ಮೆ ಚೂರುಚೂರೇ ತಗ್ಗಿಸುತ್ತಾ ಹತ್ತು ತಿಂಗಳಲ್ಲಿ ಬಿಡಿಸಿದರು.

ಹಾಗಾಗಿ ನನ್ನ ಮಾತು ಕೇಳಿ ನಾಳೆಯೇ ಸ್ಟ್ರಿಪ್ಪನ್ನು ತಿಪ್ಪೆಗೆ ಎಸೆಯಬೇಡ. ನೀನಾಗಿ ಹೆಚ್ಚಿಸಬೇಡ, ನೀನಾಗಿ ನಿಲ್ಲಿಸಲೂ ಬೇಡ. ಚಿಕ್ಕನಾಯಕನಹಳ್ಳಿಯಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವುದು ಮಂಗಳವಾರ. ಅವರು ಬಹುಶಃ ಬೇರೊಂದು ಮಾತ್ರೆ ಕೊಡುತ್ತಾರೆ, ಎಸ್ಸಿಟಲೋಪ್ರಾಮ್‌ನಂಥದ್ದು. ಅದು ಹಿಡಿಯಲು ನಾಲ್ಕಾರು ವಾರ ಬೇಕು. ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲು ವರ್ಷದ ಹತ್ತಿರ ಕಾಯುವ ಮನೆತನ ನಮ್ಮದು, ನಾಲ್ಕು ವಾರ ನಿನಗೆ ಹೆಚ್ಚಲ್ಲ. ಅಲ್ಲಿಯವರೆಗೆ ಊರುಗೋಲಾಗಿರಲಿ ಅಂತಲೇ ಈ ಕ್ಲೋನಜೆಪಾಮ್ ಕೊಡುವುದು. ಎಷ್ಟು ದಿನ, ಯಾವಾಗಿನಿಂದ ತಗ್ಗಿಸಬೇಕು, ಬಾಯಿಬಿಟ್ಟು ಕೇಳಿ ಚೀಟಿಯಲ್ಲಿ ಬರೆಸಿಕೋ. ನಡುರಾತ್ರಿ ತೀರಾ ಕಷ್ಟವಾದರೆ, ಬದುಕೇ ಸಾಕು ಅನ್ನಿಸಿದರೆ, ಟೆಲಿ ಮಾನಸ್ 14416ಕ್ಕೆ ಫೋನು ಮಾಡು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅಥವಾ ನನ್ನ ಬಾಗಿಲು ತಟ್ಟು, ಹೊತ್ತು ನೋಡಬೇಡ.

ಸ್ಟ್ರಿಪ್ಪನ್ನು ನಿಮ್ಮಮ್ಮನ ಕೈಗೆ ಕೊಟ್ಟಿರು, ಮಕ್ಕಳ ಕೈಗೆ ಸಿಗದ ಹಾಗೆ ಇಡಲಿ. ಈ ಮಂಗಳವಾರ ಬೆಳಗಿನ ಬಸ್ಸಿಗೆ ನಾನೂ ಬರುತ್ತೇನೆ. ಹಳೇ ಚೀಟಿ ಮರೆಯದೆ ಇಟ್ಟುಕೋ.